ಸುಮೇರಿನ ಕಾಲಾಳು

ಹತ್ತನೆಯ ತರಗತಿಯ ಮಕ್ಕಳಿಗೆ ಒಂದು ದಿನ ಭಾರತದ ಕಥೆಯ ಪಾಠ ಹೇಳುತ್ತಿದ್ದೆ. ಕುರುಕ್ಷೇತ್ರದಲ್ಲಿ ಹದಿನೆಂಟು ಅಕ್ಷೌಹಿಣಿ ಸೈನ್ಯ ನೆರೆದಿತ್ತೆಂದು ಹೇಳಿ, ಪಂಡಿತನ ಚಪಲಕ್ಕೆ ಕರಿಹಲಗೆಯ ಮೇಲೆ ಲೆಕ್ಕವನ್ನೂ ಬರೆದೆ. ಒಂದು ಅಕ್ಷೌಹಿಣಿಗೆ ರಥ ೨೧,೮೭೦, ಆನೆ ೨೧,೮೭೦, ಕುದುರೆ ೬೫,೬೧೦, ಕಾಲಾಳು ೧,೦೯,೩೫೦. ಇದನ್ನು ಹದಿನೆಂಟರಿಂದ ಗುಣಿಸಿ ಮಕ್ಕಳು ಬೆರಗಾಗಲಿ ಎಂಬುದು ನನ್ನ ಆಸೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, "ಇವರಿಗೆಲ್ಲ ಊಟ ಯಾರು ಹಾಕುತ್ತಿದ್ದರು ಸಾರ್?" ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು, ಕುಳಿತುಕೋ ಎಂದೆ. ಆದರೆ ಮನೆಗೆ ಬರುವ ದಾರಿಯಲ್ಲಿ ಆ ಪ್ರಶ್ನೆ ನನ್ನ ಜೊತೆಯಲ್ಲಿಯೇ ನಡೆದು ಬಂತು. ಮೂವತ್ತು ವರ್ಷ ಯುದ್ಧವರ್ಣನೆಯ ಪದ್ಯಗಳನ್ನು ಅನ್ವಯಮಾಡಿ ಅರ್ಥ ಹೇಳಿದ ನನಗೆ ಆ ಹುಡುಗನಿಗೆ ಹೇಳಲು ಒಂದು ಮಾತೂ ಇರಲಿಲ್ಲ.

ಕವಿಗಳನ್ನು ಕೇಳಿದರೆ ಇದಕ್ಕೆ ಉತ್ತರ ಸಿಕ್ಕುವುದಿಲ್ಲ. ಅವರಿಗೆ ಬಾಣಗಳ ಲೆಕ್ಕ ಗೊತ್ತು, ಬುತ್ತಿಯ ಲೆಕ್ಕ ಗೊತ್ತಿಲ್ಲ. ಬುತ್ತಿಯ ಲೆಕ್ಕ ಬರೆಯುವವರು ಕರಣಿಕರು. ಜಗತ್ತಿನಲ್ಲಿ ಮೊಟ್ಟಮೊದಲು ಕರಣಿಕರು ಕಾಣಿಸಿಕೊಂಡ ನಾಡು ಸುಮೇರು, ಎಂದರೆ ಇಂದಿನ ಇರಾಕಿನ ದಕ್ಷಿಣಭಾಗ. ಯೂಫ್ರೆಟಿಸ್ ಮತ್ತು ಟೈಗ್ರಿಸ್ ನದಿಗಳ ನಡುವಣ ಆ ಮೆಕ್ಕಲುಮಣ್ಣಿನ ಬಯಲಿನಲ್ಲಿ ಐದು ಸಾವಿರ ವರ್ಷಗಳ ಹಿಂದೆ ಹಸಿಮಣ್ಣಿನ ಹಲಗೆಗಳ ಮೇಲೆ ಜೊಂಡಿನ ಕಡ್ಡಿಯಿಂದ ಒತ್ತಿ ಬರೆಯುತ್ತಿದ್ದರು. ಬರೆದದ್ದರಲ್ಲಿ ಬಹುಪಾಲು ಕಾವ್ಯವಲ್ಲ. ಯಾರಿಗೆ ಎಷ್ಟು ಜವೆಗೋದಿ, ಎಷ್ಟು ಎಣ್ಣೆ, ಎಷ್ಟು ಉಣ್ಣೆ ಎಂಬ ಪಟ್ಟಿ. ಆದ್ದರಿಂದ ಆ ಹುಡುಗನ ಪ್ರಶ್ನೆಯನ್ನು ಕೇಳಬಹುದಾದ ಅತ್ಯಂತ ಹಳೆಯ ಸೈನ್ಯ ಸುಮೇರಿನದೇ.

ಸೈನ್ಯಕ್ಕಿಂತ ಕಾದಾಟ ಹಳೆಯದು. ಸಿರಿಯಾ ದೇಶದ ಈಶಾನ್ಯದಲ್ಲಿ ಹಮೂಕಾರ್ ಎಂಬ ದಿಬ್ಬವಿದೆ. ಅಲ್ಲಿ ಕ್ರಿ. ಪೂ. ೩೫೦೦ರ ಸುಮಾರಿಗೆ ಒಂದು ಪಟ್ಟಣವಿದ್ದು, ಮುತ್ತಿಗೆಗೆ ಸಿಕ್ಕಿ ಸುಟ್ಟುಹೋಯಿತು. ೨೦೦೫ರಲ್ಲಿ ಅಗೆದವರಿಗೆ ಕುಸಿದ ಗೋಡೆಗಳ ಅಡಿಯಲ್ಲಿ ೧,೨೦೦ಕ್ಕೂ ಹೆಚ್ಚು ಮಣ್ಣಿನ ಗುಂಡುಗಳು ಸಿಕ್ಕಿದವು. ಮೊಟ್ಟೆಯಾಕಾರದ, ಕವಣೆಯಲ್ಲಿಟ್ಟು ಬೀಸುವ ಗುಂಡುಗಳು. ನಮ್ಮ ಬಯಲುಸೀಮೆಯಲ್ಲಿ ಜೋಳ ಹಾಲುಗಟ್ಟುವ ಕಾಲಕ್ಕೆ ಅಟ್ಟಣೆಯ ಮೇಲೆ ನಿಂತು ಹಕ್ಕಿ ಓಡಿಸುತ್ತಿದ್ದ ಕವಣೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳೆ ಕಾಯುವ ಸಾಧನವೇ ಊರು ಕೆಡಿಸುವ ಸಾಧನವೂ ಆಯಿತು. ಅದಕ್ಕೆ ಮದ್ದುಗುಂಡಿನ ಉಗ್ರಾಣ ಬೇಕಿಲ್ಲ, ಕಾಲಡಿಯ ಮಣ್ಣು ಸಾಕು. ಇನ್ನು ಲೋಹದ ವಿಚಾರ. ತುರ್ಕಿಯ ಅರ್ಸ್ಲಾನ್‌ತೆಪೆಯಲ್ಲಿ ಒಂಬತ್ತು ತಾಮ್ರದ ಕತ್ತಿಗಳು ಒಟ್ಟಿಗೆ ದೊರೆತಿವೆ, ಅವು ಕ್ರಿ. ಪೂ. ೩೦೦೦ಕ್ಕಿಂತ ಹಿಂದಿನವು. ಬೇಟೆಗೂ ಬೇಸಾಯಕ್ಕೂ ಬಾರದ, ಮನುಷ್ಯನನ್ನು ಕೊಲ್ಲಲೆಂದೇ ಮಾಡಿದ ಆಯುಧಗಳಲ್ಲಿ ಇವು ಅತಿ ಹಳೆಯವುಗಳ ಸಾಲಿಗೆ ಸೇರಿದವು.

ಆದರೆ ಸಾಲಾಗಿ ನಿಂತು, ಒಬ್ಬನ ಮಾತಿಗೆ ಹೆಜ್ಜೆಯಿಡುವ ಪಡೆ ನಮ್ಮ ಕಣ್ಣಿಗೆ ಮೊದಲು ಸ್ಪಷ್ಟವಾಗಿ ಬೀಳುವುದು ಲಗಾಶ್ ಎಂಬ ಸುಮೇರಿನ ರಾಜ್ಯದಲ್ಲಿ. ಲಗಾಶಿಗೂ ಅದರ ನೆರೆಯ ಉಮ್ಮ ಪಟ್ಟಣಕ್ಕೂ ಗಡಿಯ ಜಗಳ. ಎರಡರ ನಡುವೆ ದೂರ ಹೆಚ್ಚಿಲ್ಲ. ಗಟ್ಟಿಕಾಲಿನವನು ಬೆಳಗ್ಗೆ ಹೊರಟರೆ ಸಂಜೆಗೆ ಮುಟ್ಟಬಹುದು. ಗುಎದೆನ ಎಂಬ ಹೆಸರಿನ ಫಲವತ್ತಾದ ಬಯಲು ನಡುವೆ ಇತ್ತು. ಹಿಂದೆ ಮೆಸಿಲಿಮ್ ಎಂಬ ಕಿಶ್ ಪಟ್ಟಣದ ದೊರೆ ಮಧ್ಯಸ್ಥನಾಗಿ ಅಳತೆಮಾಡಿಸಿ ಗಡಿಕಲ್ಲು ನೆಡಿಸಿದ್ದ. ಉಮ್ಮದವರು ಆ ಕಲ್ಲನ್ನು ಕಿತ್ತರು. ಇಲ್ಲಿಂದ ಮೊದಲಾದ ಜಗಳ ತಲೆಮಾರುಗಟ್ಟಲೆ, ನೂರು ವರ್ಷಕ್ಕೂ ಮೀರಿ ನಡೆಯಿತು. ಗಡಿಕಲ್ಲು ಕೀಳುವುದು, ಕಾಲುವೆಯ ನೀರನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವುದು, ಕೊಡಬೇಕಾದ ಧಾನ್ಯ ಕೊಡದಿರುವುದು. ಕೇಳಿದರೆ ನಮ್ಮ ತಾಲ್ಲೂಕು ಕಚೇರಿಯ ಯಾವುದೋ ಹಳೆಯ ಕಡತವನ್ನು ಬಿಚ್ಚಿದಂತಾಗುತ್ತದೆ.

ಧಾನ್ಯದ ವಿಷಯ ವಿಚಿತ್ರವಾದದ್ದು. ಯುದ್ಧದಲ್ಲಿ ಗೆದ್ದ ಲಗಾಶಿನವರು ಗುಎದೆನದ ಒಂದು ಭಾಗವನ್ನು ಉಮ್ಮದವರೇ ಉತ್ತುಕೊಳ್ಳಲು ಬಿಟ್ಟು, ಬೆಳೆಯನ್ನು ದೇವರ ಜವೆಗೋದಿಯ ಸಾಲವೆಂದು ಲೆಕ್ಕಕ್ಕೆ ಹಿಡಿದರು. ಸಾಲಕ್ಕೆ ಬಡ್ಡಿ, ಬಡ್ಡಿಗೆ ಬಡ್ಡಿ. ಕೆಲವು ತಲೆಮಾರು ಕಳೆಯುವ ಹೊತ್ತಿಗೆ ಆ ಮೊತ್ತ ಇಡೀ ಸುಮೇರಿನ ಕಣಜಗಳನ್ನು ಬರಿದುಮಾಡಿದರೂ ತೀರದಷ್ಟು ಬೆಳೆದಿತ್ತು. ಚಕ್ರಬಡ್ಡಿಯ ಅತಿ ಹಳೆಯ ದಾಖಲೆಗಳಲ್ಲಿ ಇದೊಂದು. ಯುದ್ಧದ ದಾಖಲೆಯೊಳಗೆ ಅದು ಕುಳಿತಿರುವುದು ಆಕಸ್ಮಿಕವಲ್ಲವೆಂದು ನನ್ನ ಎಣಿಕೆ.

ಮೊದಲ ದೊಡ್ಡ ಗೆಲವನ್ನು ಪಡೆದವನು ಎಯನ್ನಾತುಮ್, ಕ್ರಿ. ಪೂ. ೨೪೫೦ರ ಸುಮಾರಿನ ಲಗಾಶಿನ ದೊರೆ. ಅವನು ಕೆತ್ತಿಸಿ ನಿಲ್ಲಿಸಿದ ಕಲ್ಲಿಗೆ ಈಗ ರಣಹದ್ದುಗಳ ಶಿಲಾಪಟ್ಟವೆಂದು ಹೆಸರು. ಲಗಾಶಿಗೆ ಸೇರಿದ ಗಿರ್ಸು ಎಂಬ ಪಟ್ಟಣದ ದಿಬ್ಬವನ್ನು ೧೮೭೭ರಿಂದ ಅಗೆಸುತ್ತಿದ್ದ ಫ್ರೆಂಚ್ ಅಧಿಕಾರಿ ಅರ್ನೆಸ್ಟ್ ದ ಸಾರ್ಜೆಕ್ ಇದರ ಚೂರುಗಳನ್ನು ಕಂಡ. ಏಳು ಚೂರು ಮಾತ್ರ ಉಳಿದಿವೆ. ಪ್ಯಾರಿಸ್ ನಗರದ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಜೋಡಿಸಿಟ್ಟಿದ್ದಾರೆ. ಇಡಿಯಾಗಿದ್ದಾಗ ಆಳೆತ್ತರದ ಕಲ್ಲು. ಒಂದು ಮುಖದಲ್ಲಿ ದೇವರು, ಇನ್ನೊಂದು ಮುಖದಲ್ಲಿ ಮನುಷ್ಯರು. ದೇವರು ನಿನ್‌ಗಿರ್ಸು. ಅವನ ಕೈಯಲ್ಲಿ ಒಂದು ದೊಡ್ಡ ಬಲೆ, ಬಲೆಯ ತುಂಬ ಬತ್ತಲೆ ಶತ್ರುಗಳು. ಒಬ್ಬನು ಬಲೆಯ ಕಣ್ಣಿನಿಂದ ತಲೆ ಹೊರಗೆ ಹಾಕಿದ್ದಾನೆ; ದೇವರು ಗದೆಯಿಂದ ಆ ತಲೆಯನ್ನು ಕುಟ್ಟುತ್ತಿದ್ದಾನೆ. ಮೀನು ಹಿಡಿಯುವವರ ನಾಡಿನ ದೇವರು, ಅವನ ಆಯುಧವೂ ಬಲೆಯೇ.

ಮನುಷ್ಯರ ಮುಖವನ್ನು ನಿಧಾನವಾಗಿ ನೋಡಬೇಕು. ಎಲ್ಲರಿಗಿಂತ ಮುಂದೆ ಎಯನ್ನಾತುಮ್, ಉಣ್ಣೆಯ ಉಡುಪು ತೊಟ್ಟು ಕಾಲ್ನಡಿಗೆಯಲ್ಲಿ. ಅವನ ಹಿಂದೆ ಒತ್ತೊತ್ತಾಗಿ ಪಡೆ. ಆಳೆತ್ತರದ ಗುರಾಣಿಗಳು ಒಂದಕ್ಕೊಂದು ತಾಗಿ ಗೋಡೆಯಾಗಿವೆ. ಗುರಾಣಿಗಳ ಸಂದಿನಿಂದ ಸಾಲುಸಾಲಾಗಿ ಭರ್ಜಿಗಳು ಹೊರಗೆ ಚಾಚಿವೆ. ಪ್ರತಿ ಭರ್ಜಿಯನ್ನೂ ಎರಡು ಕೈಗಳು ಹಿಡಿದಿವೆ. ಗುರಾಣಿ ಹಿಡಿದವನೇ ಭರ್ಜಿ ಹಿಡಿಯಲಾರ. ಮುಂದಿನವನು ಗುರಾಣಿ ಹಿಡಿದು ಹಿಂದಿನವರನ್ನು ಕಾಯಬೇಕು, ಹಿಂದಿನವರು ಅವನ ಭುಜದ ಪಕ್ಕದಿಂದ ಇರಿಯಬೇಕು. ಇದು ಸಾಧ್ಯವಾಗಬೇಕಾದರೆ ಎಲ್ಲರೂ ಒಂದೇ ಹೆಜ್ಜೆ ಹಾಕಬೇಕು. ಒಬ್ಬನು ಹೆದರಿ ಹಿಂದೆ ಸರಿದರೆ ಗೋಡೆ ಬಿರಿಯುತ್ತದೆ. ಇದು ಶಿಲ್ಪಿಯ ಅತಿಶಯೋಕ್ತಿ ಎನ್ನುವ ವಿದ್ವಾಂಸರೂ ಇದ್ದಾರೆ. ಶಿಲ್ಪಿ ಕೈಗಳನ್ನು ಹೆಚ್ಚಿಗೆ ಬಿಡಿಸಿರಬಹುದು. ಆದರೆ ಕಾಣದ ಕ್ರಮವೊಂದನ್ನು ಅವನು ಕಲ್ಪಿಸಿಕೊಂಡ ಎಂದು ನಾನು ನಂಬಲಾರೆ. ಅವರ ಕಾಲಡಿಯಲ್ಲಿ ಬಿದ್ದ ಹೆಣಗಳು. ಪಡೆ ಅವುಗಳನ್ನು ತುಳಿದುಕೊಂಡೇ ನಡೆದಿದೆ. ಮೇಲೆ ಮೂಲೆಯಲ್ಲಿ ರಣಹದ್ದುಗಳು ಕತ್ತರಿಸಿದ ತಲೆಗಳನ್ನು ಕಚ್ಚಿಕೊಂಡು ಹಾರುತ್ತಿವೆ. ಕೆಳಗಿನ ಸಾಲಿನಲ್ಲಿ ಸತ್ತವರನ್ನು ರಾಶಿ ಹಾಕಿದ್ದಾರೆ, ಬದುಕಿದವರು ತಲೆಯ ಮೇಲೆ ಮಂಕರಿಯಲ್ಲಿ ಮಣ್ಣು ಹೊತ್ತು ರಾಶಿಯ ಮೇಲೆ ಸುರಿಯಲು ಏರುತ್ತಿದ್ದಾರೆ.

ಈ ಮಣ್ಣು ಹೊರುವವರು ಯಾರು? ನನಗೆ ಇಡೀ ಕಲ್ಲಿನಲ್ಲಿ ಕಣ್ಣು ನೆಟ್ಟದ್ದು ಇವರ ಮೇಲೆಯೇ. ಸುಮೇರಿನ ಕರಣಿಕರ ಬರಹದಲ್ಲಿ ಎರಿನ್ ಎಂಬ ಒಂದು ಮಾತು ಬರುತ್ತದೆ. ಪಡೆ ಎಂದೂ ಅದಕ್ಕೆ ಅರ್ಥ, ಕೆಲಸಗಾರರ ತಂಡ ಎಂದೂ ಅರ್ಥ. ಎರಡಕ್ಕೂ ಒಂದೇ ಚಿಹ್ನೆ. ಕಾಲುವೆಯ ಹೂಳೆತ್ತುವ ಕಾಲಕ್ಕೆ ಕರೆದರೆ ಸಲಿಕೆ ಹಿಡಿದು ಬರುವವನೇ ಯುದ್ಧದ ಕಾಲಕ್ಕೆ ಭರ್ಜಿ ಹಿಡಿದು ಬರುವವನು. ಅದೇ ತಂಡ, ಅದೇ ಮೇಸ್ತ್ರಿ, ಅದೇ ಹಾಜರಿಪಟ್ಟಿ. ಕನ್ನಡ ಬಲ್ಲವರಿಗೆ ಇದು ವಿಚಿತ್ರವೆನಿಸಬಾರದು. ನಮ್ಮಲ್ಲಿಯೂ ಒಂದೇ ಮಾತಿದೆ: ಆಳು. ಕಾಲಾಳು ಎಂದರೆ ಯೋಧ, ಕೂಲಿಯಾಳು ಎಂದರೆ ಕೆಲಸಗಾರ. ಹಳಗನ್ನಡದ ಶಾಸನದಲ್ಲಿ ಆಳ್ ಎಂದರೆ ಕಾದಿ ಬಿದ್ದ ವೀರ. ಇಂದು ನಾಳೆಗೆ ನಾಲ್ಕು ಆಳು ಬೇಕು ಎಂದರೆ ಕಳೆ ಕೀಳುವವರು. ಇದೇ ಮಾತನ್ನು ಕ್ರಿಯಾಪದ ಮಾಡಿದರೆ ರಾಜ್ಯವಾಳುವುದು. ವ್ಯಾಕರಣ ಪಾಠದಲ್ಲಿ ಇದನ್ನು ನಾನಾರ್ಥವೆಂದು ಹೇಳಿ ಮುಂದೆ ಹೋಗುತ್ತಿದ್ದೆ. ಎಯನ್ನಾತುಮನ ಕಲ್ಲಿನ ಚಿತ್ರ ನೋಡಿದ ಮೇಲೆ ಅಷ್ಟಕ್ಕೆ ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ಆ ಕಲ್ಲಿನ ಮೇಲೆ ದೊರೆಯ ಹೆಸರಿದೆ, ದೇವರುಗಳ ಹೆಸರಿದೆ, ಉಮ್ಮದ ದೊರೆ ಯಾವ ಯಾವ ದೇವರ ಬಲೆಯ ಮೇಲೆ ಆಣೆಯಿಟ್ಟನೆಂಬ ವಿವರವಿದೆ. ಆಣೆಗೆ ಸಾಕ್ಷಿಯಾಗಿ ಹಾರಿಬಿಟ್ಟ ಪಾರಿವಾಳಗಳ ಕಣ್ಣಿಗೆ ಕಾಡಿಗೆ ಹಚ್ಚಿದ ಸಂಗತಿಯೂ ಇದೆ. ಯುದ್ಧದಲ್ಲಿ ಒಂದು ಬಾಣ ದೊರೆಗೆ ನಾಟಿತೆಂದೂ, ಅವನು ಅದನ್ನು ಮುರಿದನೆಂದೂ ಬರೆಸಿದ್ದಾರೆ. ಸತ್ತ ಕಾಲಾಳು ಒಬ್ಬನ ಹೆಸರೂ ಇಲ್ಲ. ನಮ್ಮ ಊರಬಾಗಿಲ ವೀರಗಲ್ಲುಗಳು ಶಿಲ್ಪದಲ್ಲಿ ಒರಟು, ಅಕ್ಷರದಲ್ಲಿ ತಪ್ಪು. ಆದರೂ ತುರು ಮರಳಿಸಲು ಹೋಗಿ ಸತ್ತವನು ಇಂಥವನ ಮಗ ಇಂಥವನೆಂದು ಹೇಳುತ್ತವೆ. ಲಗಾಶಿನ ಕಲ್ಲು ಅಂಥದಲ್ಲ.

ಚತುರಂಗಬಲವೆಂದರೆ ರಥ, ಗಜ, ತುರಗ, ಪದಾತಿ ಎಂದು ನಾವು ಬಾಯಿಪಾಠ ಮಾಡಿದ್ದೇವೆ. ಸುಮೇರಿನ ಸೈನ್ಯಕ್ಕೆ ಎರಡೇ ಅಂಗ, ಪದಾತಿ ಮತ್ತು ಬಂಡಿ. ಆನೆಯಿಲ್ಲ. ಕುದುರೆ ಇನ್ನೂ ಆ ನಾಡಿನ ಯುದ್ಧಕ್ಕೆ ಬಂದಿರಲಿಲ್ಲ. ಬಂಡಿಯೆಂದರೆ ಅರೆಕಾಲಿಲ್ಲದ, ಹಲಗೆ ಜೋಡಿಸಿ ಮಾಡಿದ ಗಟ್ಟಿ ಗಾಲಿಯ ನಾಲ್ಕು ಚಕ್ರದ ಗಾಡಿ. ಉರ್ ಪಟ್ಟಣದ ಅರಸರ ಗೋರಿಯೊಂದರಲ್ಲಿ ದೊರೆತ, ನೀಲಿ ಕಲ್ಲು, ಚಿಪ್ಪು, ಕೆಂಪು ಸುಣ್ಣಕಲ್ಲು ಕೂರಿಸಿ ಮಾಡಿದ ಅರ್ಧ ಮೀಟರು ಉದ್ದದ ಪೆಟ್ಟಿಗೆಯ ಮೇಲೆ ಈ ಬಂಡಿಗಳ ಚಿತ್ರವಿದೆ. ಒಬ್ಬ ಸಾರಥಿ, ಬೆನ್ನಿಗೆ ಒಬ್ಬ ಯೋಧ, ಮುಂದುಗಡೆ ಬತ್ತಳಿಕೆಯಲ್ಲಿ ಎಸೆಯುವ ಈಟಿಗಳು, ಎಳೆಯಲು ನಾಲ್ಕು ಪ್ರಾಣಿಗಳು. ಮೊದಲ ಬಂಡಿಯ ಪ್ರಾಣಿಗಳು ನಡೆಯುತ್ತವೆ. ಮುಂದಿನದರಲ್ಲಿ ಓಟ ಮೊದಲಾಗುತ್ತದೆ. ಅದರ ಮುಂದಿನವು ನೆಗೆಯುತ್ತಿವೆ, ಕಾಲಡಿಯಲ್ಲಿ ಹೆಣ.

ಆ ಪ್ರಾಣಿ ಯಾವುದೆಂಬ ಚರ್ಚೆ ಬಹುಕಾಲ ನಡೆಯಿತು. ಕುದುರೆಯಲ್ಲ, ಕತ್ತೆಯೂ ಅಲ್ಲ. ಕರಣಿಕರ ಪಟ್ಟಿಯಲ್ಲಿ ಕುಂಗ ಎಂಬ ದುಬಾರಿ ಪ್ರಾಣಿಯ ಹೆಸರಿದೆ. ಬೆಲೆ ಕತ್ತೆಗಿಂತ ಅನೇಕ ಪಟ್ಟು. ಸಿರಿಯಾದ ಉಮ್ಮ್ ಎಲ್ ಮರ್ರಾ ಎಂಬಲ್ಲಿ ಅರಸುಮನೆತನದವರ ಗೋರಿಗಳ ಪಕ್ಕದಲ್ಲಿ ಹೂಳಿದ್ದ ಇಂಥ ಪ್ರಾಣಿಗಳ ಎಲುಬಿನ ವಂಶಧಾತುವನ್ನು ವಿಜ್ಞಾನಿಗಳು ಪರೀಕ್ಷಿಸಿ ೨೦೨೨ರಲ್ಲಿ ಉತ್ತರ ಹೇಳಿದರು. ತಾಯಿ ಸಾಕಿದ ಕತ್ತೆ, ತಂದೆ ಸಿರಿಯಾದ ಕಾಡುಕತ್ತೆ. ಮನುಷ್ಯನು ಬೇಕೆಂದೇ ಎರಡು ಜಾತಿಗಳನ್ನು ಕೂಡಿಸಿ ಹುಟ್ಟಿಸಿದ ಪ್ರಾಣಿಗಳಲ್ಲಿ ನಮಗೆ ತಿಳಿದಂತೆ ಇದೇ ಮೊದಲನೆಯದು. ಕುಂಗಕ್ಕೆ ಮರಿಯಾಗುವುದಿಲ್ಲ. ಪ್ರತಿ ಸಲವೂ ಗಾಳಿಯಂತೆ ಓಡುವ ಕಾಡುಗಂಡನ್ನು ಹಿಡಿದು ತರಬೇಕು. ಆ ಕಾಡುಕತ್ತೆಯ ಸಂತತಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪೂರ್ತಿಯಾಗಿ ಅಳಿದುಹೋಯಿತು. ಇನ್ನು ಯಾರೂ ಕುಂಗವನ್ನು ಹುಟ್ಟಿಸಲಾರರು.

ಎಯನ್ನಾತುಮನ ತಮ್ಮನ ಮಗ ಎನ್‌ಮೆತೆನ. ಅವನ ಕಾಲದಲ್ಲಿ ಉಮ್ಮದ ದೊರೆ ಉರ್‌ಲುಮ್ಮ ಮತ್ತೆ ಕಾಲುವೆ ದಾಟಿ ಬಂದು ಸೋತು ಓಡಿದ. ಓಡುವಾಗ ಕಾಲುವೆಯ ದಡದಲ್ಲಿ ಅರುವತ್ತು ಜೋಡಣೆ ಪ್ರಾಣಿಗಳನ್ನು ಬಿಟ್ಟುಹೋದನೆಂದು ಎನ್‌ಮೆತೆನ ಒಂದು ಮಣ್ಣಿನ ಶಂಕುವಿನ ಮೇಲೆ ಬರೆಸಿದ್ದಾನೆ. ಉರ್ ಪೆಟ್ಟಿಗೆಯ ಚಿತ್ರದಂತೆ ಬಂಡಿಗೆ ನಾಲ್ಕರಂತೆ ಹಿಡಿದರೆ ೨೪೦ ಪ್ರಾಣಿಗಳು. ಆ ಬಂಡಿಗಳ ಆಳುಗಳ ಎಲುಬು ಬಯಲಿನಲ್ಲಿ ಚೆಲ್ಲಿ ಬಿದ್ದವು. ಲಗಾಶಿನವರು ಐದು ಕಡೆ ಮಣ್ಣಿನ ರಾಶಿ ಹಾಕಿ ಮುಚ್ಚಿದರು. ಪ್ರಾಣಿಗಳ ಲೆಕ್ಕವಿದೆ, ಆಳುಗಳ ಲೆಕ್ಕವಿಲ್ಲ. ದುಬಾರಿಯಾದದ್ದನ್ನು ಎಣಿಸಿದ್ದಾರೆ.

ಈ ಜಗಳ ಮುಗಿದದ್ದು ಹೀಗೆ. ಕ್ರಿ. ಪೂ. ೨೩೫೦ರ ಆಸುಪಾಸಿನಲ್ಲಿ ಉಮ್ಮದ ಲುಗಾಲ್‌ಜಗೇಸಿ ಲಗಾಶಿನ ಗುಡಿಗಳನ್ನು ಸುಟ್ಟು ಸೂರೆಮಾಡಿದ. ಸ್ವಲ್ಪ ಕಾಲದ ಮೇಲೆ ಅಕ್ಕಾಡಿನ ಸರ್ಗೋನ್ ಎಂಬ ಹೊಸಬ ಲುಗಾಲ್‌ಜಗೇಸಿಯನ್ನು ಸೋಲಿಸಿ, ಕುತ್ತಿಗೆಗೆ ಕೊಳ ಹಾಕಿ, ನಿಪ್ಪುರದ ಎನ್‌ಲಿಲ್ ದೇವರ ಬಾಗಿಲವರೆಗೆ ಎಳೆಸಿಕೊಂಡು ಹೋದ. ಗುಎದೆನದ ಬಯಲು ಇಬ್ಬರಿಗೂ ಇಲ್ಲವಾಯಿತು.

ಉರ್ ಪಟ್ಟಣದ ಗೋರಿಗಳ ಮಾತು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ಲಿಯೊನಾರ್ಡ್ ವುಲಿ ಎಂಬ ಆಂಗ್ಲ ವಿದ್ವಾಂಸ ೧೯೨೨ರಿಂದ ೧೯೩೪ರವರೆಗೆ ಅಲ್ಲಿ ಅಗೆಸಿದ. ಅರಸರ ಗೋರಿಯೊಂದಕ್ಕೆ ಇಳಿಯುವ ಇಳಿಜಾರಿನ ಬುಡದಲ್ಲಿ ಆರು ಮಂದಿ ಯೋಧರು ಎರಡು ಸಾಲಾಗಿ ಮಲಗಿದ್ದರು. ಪಕ್ಕದಲ್ಲಿ ಭರ್ಜಿ, ತಲೆಯ ಮೇಲೆ ತಾಮ್ರದ ಶಿರಸ್ತ್ರಾಣ. ಮಣ್ಣಿನ ಭಾರಕ್ಕೆ ಶಿರಸ್ತ್ರಾಣವೂ ತಲೆಬುರುಡೆಯೂ ಒಟ್ಟಿಗೆ ಚಪ್ಪಟೆಯಾಗಿದ್ದವು. ಪೆಟ್ಟಿಗೆಯ ಚಿತ್ರದಲ್ಲಿ ಕಾಲಾಳುಗಳು ತೊಟ್ಟ ಶಿರಸ್ತ್ರಾಣವೂ ಇದೇ ಬಗೆಯದು. ಒಳಗೆ ಎತ್ತು ಹೂಡಿದ ಎರಡು ಬಂಡಿ, ಅವುಗಳ ಸಾರಥಿಗಳು, ಊಳಿಗದವರು, ಒಟ್ಟು ಅರುವತ್ತಕ್ಕೂ ಮೇಲೆ ಜನ. ಒಡೆಯ ಸತ್ತಾಗ ಜೊತೆಯಲ್ಲಿ ಹೋದವರು. ಗಲಿಬಿಲಿಯ ಗುರುತೇ ಇಲ್ಲದಿರುವುದನ್ನು ನೋಡಿ ವುಲಿ, ಇವರು ತಾವಾಗಿಯೇ ನಡೆದು ಬಂದು, ವಿಷದ ಬಟ್ಟಲು ಕುಡಿದು, ನಿದ್ರೆ ಹೋದಂತೆ ಸತ್ತರೆಂದು ಊಹಿಸಿದ. ಸ್ವಾಮಿಭಕ್ತಿಯ ಕಥೆಗಳನ್ನು ಪಾಠ ಹೇಳಿದವನಾಗಿ ನಾನೂ ಅದನ್ನು ಮೆಚ್ಚಿ ತರಗತಿಯಲ್ಲಿ ಹೇಳುತ್ತಿದ್ದೆ. ವೇಳೆವಾಳಿಗಳ, ಗರುಡರ ಮಾತು ಬಂದಾಗ ಇದನ್ನೂ ಸೇರಿಸುತ್ತಿದ್ದೆ.

ಈಗ ಹೇಳುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದಲ್ಲಿ ಆ ಗೋರಿಗಳ ಎರಡು ತಲೆಬುರುಡೆಗಳಿವೆ. ಒಂದು ಒಬ್ಬ ಹೆಂಗಸಿನದು, ಇನ್ನೊಂದು ಶಿರಸ್ತ್ರಾಣ ತೊಟ್ಟ ಈ ಯೋಧರಲ್ಲಿ ಒಬ್ಬನದು. ಆಸ್ಪತ್ರೆಗಳಲ್ಲಿ ರೋಗಿಗಳ ತಲೆಯೊಳಗನ್ನು ನೋಡುವ ಸ್ಕ್ಯಾನ್ ಯಂತ್ರದಿಂದ ಇವನ್ನು ಪರೀಕ್ಷಿಸಿದ ಫಲಿತಾಂಶ ೨೦೧೧ರಲ್ಲಿ ಪ್ರಕಟವಾಯಿತು. ಎರಡೂ ತಲೆಗಳಿಗೆ ಮೊನೆಯುಳ್ಳ ಆಯುಧದ ಪೆಟ್ಟು ಬಿದ್ದಿತ್ತು. ಸಾವು ಬಂದದ್ದು ಆ ಪೆಟ್ಟಿನಿಂದ. ಅನಂತರ ಹೆಣ ಕೊಳೆಯದಂತೆ ಕಾಯಿಸಿ, ಪಾದರಸದ ವಸ್ತು ಸವರಿ, ಉಡುಪು ತೊಡಿಸಿ, ಶಿರಸ್ತ್ರಾಣವಿಟ್ಟು ಸಾಲಾಗಿ ಮಲಗಿಸಿದ್ದರು. ಆ ಶಾಂತವಾದ ಸಾಲು ಬೇರೆಯವರು ಜೋಡಿಸಿದ ಸಾಲು. ವುಲಿ ದೊಡ್ಡ ವಿದ್ವಾಂಸ. ಅವನ ಕಣ್ಣಿಗೆ ಕಾಣುವಂತೆ ಇದ್ದದ್ದನ್ನೇ ಅವನು ಹೇಳಿದ. ನಾನು ಮಾತ್ರ ಎಷ್ಟೋ ವರ್ಷ ಮಕ್ಕಳಿಗೆ ತಪ್ಪು ಹೇಳಿದೆ.

ಇದೇ ಗೋರಿಗಳಲ್ಲಿ ಸಿಂಧೂ ಕಣಿವೆಯ ಕುಶಲಿಗರು ಬಿಳಿಗೆರೆ ಬಿಡಿಸಿ ಮಾಡಿದ ಕೆಂಪು ಮಣಿಗಳೂ ಸಿಕ್ಕಿವೆ. ಅಂದರೆ ನಮ್ಮ ಕಡೆಯ ಸರಕು ಅಲ್ಲಿಗೆ ಹೋಗುತ್ತಿತ್ತು. ಮೊಹೆಂಜೊದಾರೊ, ಹರಪ್ಪಗಳ ಮುದ್ರೆಗಳಲ್ಲಿ ಹೀಗೆ ಸಾಲುಗಟ್ಟಿದ ಪಡೆಯ ಚಿತ್ರವಾಗಲಿ, ಕಟ್ಟಿ ತಂದ ಸೆರೆಯಾಳುಗಳ ಚಿತ್ರವಾಗಲಿ ಕಾಣುವುದಿಲ್ಲ. ಅದು ಬೇರೆಯೇ ಒಂದು ದಿನದ ಮಾತು.

ಹುಡುಗನ ಪ್ರಶ್ನೆಗೆ ನೇರವಾದ ಉತ್ತರ ಸರ್ಗೋನನ ಶಾಸನದಲ್ಲಿದೆ. ಕ್ರಿ. ಪೂ. ೨೩೩೪ರ ಸುಮಾರಿಗೆ ಪಟ್ಟಕ್ಕೆ ಬಂದ ಈ ದೊರೆ ಮೂವತ್ತನಾಲ್ಕು ಯುದ್ಧ ಗೆದ್ದೆನೆಂದು ಹೇಳಿಕೊಂಡಿದ್ದಾನೆ. ಜೊತೆಗೆ, ದಿನವೂ ೫,೪೦೦ ಮಂದಿ ತನ್ನ ಎದುರಿನಲ್ಲಿ ರೊಟ್ಟಿ ತಿನ್ನುತ್ತಾರೆಂದೂ ಹೇಳಿಕೊಂಡಿದ್ದಾನೆ. ಇವರೆಲ್ಲ ಸೈನಿಕರೇ ಅಲ್ಲ, ಅರಮನೆಯ ಊಳಿಗದವರೂ ಸೇರಿರಬಹುದೆಂಬ ಮಾತಿದೆ. ಸೇರಿರಲಿ. ಗೆದ್ದ ಊರುಗಳ ಪಟ್ಟಿಯ ಜೊತೆಯಲ್ಲಿ ಊಟಕ್ಕೆ ಕುಳಿತವರ ಸಂಖ್ಯೆಯನ್ನೂ ಹೆಮ್ಮೆಯಿಂದ ಕೆತ್ತಿಸಿದ ದೊರೆಗೆ ಸೈನ್ಯವೆಂದರೆ ಏನೆಂಬುದು ಗೊತ್ತಿತ್ತು. ಹೂಳೆತ್ತಲು ಊರಿಗೆ ಮರಳದೆ ವರ್ಷವೆಲ್ಲ ಅರಮನೆಯ ರೊಟ್ಟಿ ತಿಂದು ಅರಮನೆಗಾಗಿಯೇ ಇರುವ ಆಳು ಇಲ್ಲಿ ಹುಟ್ಟಿದ. ಆ ರೊಟ್ಟಿಯ ಧಾನ್ಯ ಸೋತ ಊರುಗಳಿಂದ ಬರಬೇಕು; ಧಾನ್ಯ ಬೇಕಾದರೆ ಊರುಗಳು ಸೋಲುತ್ತಲೇ ಇರಬೇಕು.

ಈಜಿಪ್ಟಿನ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಥೀಬ್ಸ್ ಪಟ್ಟಣದೆದುರಿನ ಬೆಟ್ಟದಲ್ಲಿ ಹರ್ಬರ್ಟ್ ವಿನ್‌ಲಾಕ್ ೧೯೨೩ರಲ್ಲಿ ಒಂದು ಸಾಮೂಹಿಕ ಗೋರಿ ತೆರೆದ. ಸುಮಾರು ಅರುವತ್ತು ಮಂದಿ ಯೋಧರು, ಕ್ರಿ. ಪೂ. ೨೦೦೦ದ ಆಸುಪಾಸಿನವರು. ಕೆಲವರ ಮೈಯಲ್ಲಿ ಬಾಣದ ಮೊನೆಗಳು ಇನ್ನೂ ಇದ್ದವು. ಕೆಲವರ ತಲೆ ಕೋಟೆಯ ಮೇಲಿನಿಂದ ಬಿದ್ದ ಕಲ್ಲಿಗೆ ಒಡೆದಿತ್ತು. ಕೆಲವರ ಮಾಂಸವನ್ನು ಹದ್ದುಗಳು ಹರಿದಿದ್ದವು. ಲಗಾಶಿನ ಕಲ್ಲಿನ ಹದ್ದುಗಳು ಬರಿಯ ಕವಿಸಮಯವಲ್ಲವೆಂದು ಅದರಿಂದ ತಿಳಿಯುತ್ತದೆ. ಇವರನ್ನು ನಾರುಮಡಿಯಲ್ಲಿ ಸುತ್ತಿದ್ದರು. ಆ ಬಟ್ಟೆಯ ಅಂಚುಗಳಲ್ಲಿ ಶಾಯಿಯಿಂದ ಬರೆದ ಹೆಸರುಗಳಿದ್ದವು.

ಇನ್ನು ಬಾಬಿಲೋನಿಗೆ ಬರೋಣ. ಹಮ್ಮುರಾಬಿ ದೊರೆ ಕ್ರಿ. ಪೂ. ೧೭೯೨ರಿಂದ ೧೭೫೦ರವರೆಗೆ ಆಳಿದವನು. ಅವನ ಕಟ್ಟಳೆಗಳ ಕಲ್ಲನ್ನು ಶಾಲೆಯ ಚರಿತ್ರೆಯಲ್ಲಿ ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು ಎಂದು ಎರಡು ಸಾಲಿನಲ್ಲಿ ಮುಗಿಸುತ್ತೇವೆ. ಆ ಕಲ್ಲಿನ ೨೬ನೆಯ ಕಟ್ಟಳೆಯಿಂದ ಮುಂದಕ್ಕೆ ಹದಿನಾರು ಕಟ್ಟಳೆಗಳು ಕಾಲಾಳುಗಳ ಹೊಲಮನೆಗೆ ಸಂಬಂಧಪಟ್ಟವು. ಅಲ್ಲಿ ಅವರಿಗೆ ಎರಡು ಹೆಸರು, ರೇದುಮ್ ಮತ್ತು ಬಾಇರುಮ್. ಎರಡನೆಯದಕ್ಕೆ ಮೂಲಾರ್ಥ ಬಲೆ ಹಾಕಿ ಹಿಡಿಯುವವನು, ಬೆಸ್ತ. ಅರಸನು ಇವರಿಗೆ ಉಂಬಳಿಯಾಗಿ ಹೊಲ, ತೋಟ, ಮನೆ ಕೊಡುತ್ತಾನೆ. ಕರೆದಾಗ ಇವರು ದಂಡಿಗೆ ಹೋಗಬೇಕು. ಹೋಗದೆ ಕೂಲಿ ಕೊಟ್ಟು ಬೇರೊಬ್ಬನನ್ನು ಕಳಿಸಿದರೆ ಮರಣದಂಡನೆ. ಇದು ಕಠಿಣ. ಆದರೆ ಇನ್ನೊಂದು ಪಕ್ಕವೂ ಇದೆ. ಸೈನಿಕನ ಸೊತ್ತನ್ನು ಕಸಿದುಕೊಂಡ, ಅವನನ್ನು ಕೂಲಿಗೆ ಬಾಡಿಗೆ ಕೊಟ್ಟ, ಬಲಿಷ್ಠನೊಬ್ಬನ ಕೈಗೆ ವ್ಯಾಜ್ಯದಲ್ಲಿ ಒಪ್ಪಿಸಿದ ಅಧಿಕಾರಿಗೂ ಮರಣದಂಡನೆಯೇ.

ಸೈನಿಕನು ಶತ್ರುವಿನ ಕೈಗೆ ಸೆರೆ ಸಿಕ್ಕಿದರೆ? ಹೊಲವನ್ನು ಇನ್ನೊಬ್ಬನಿಗೆ ಉಳಲು ಕೊಡಬಹುದು. ಸೆರೆಯಿಂದ ಮರಳಿ ಬಂದರೆ ಹೊಲ ಅವನಿಗೇ ಮರಳಬೇಕು. ಮಗನು ಕೈಗೆ ಬಂದಿದ್ದರೆ ಹೊಲ ಮಗನಿಗೆ. ಮಗ ಚಿಕ್ಕವನಾಗಿದ್ದರೆ ಹೊಲದ ಮೂರನೆಯ ಒಂದು ಪಾಲು ತಾಯಿಗೆ, ಆಕೆ ಮಗನನ್ನು ಸಾಕಬೇಕು. ವ್ಯಾಪಾರಿಯೊಬ್ಬ ಹಣ ತೆತ್ತು ಅವನನ್ನು ಬಿಡಿಸಿ ತಂದರೆ, ಅವನಲ್ಲಿ ಹಣವಿದ್ದರೆ ಅವನು ತೀರಿಸಬೇಕು. ಇಲ್ಲದಿದ್ದರೆ ಊರ ಗುಡಿ ತೀರಿಸಬೇಕು. ಗುಡಿಯಲ್ಲೂ ಇಲ್ಲದಿದ್ದರೆ ಅರಮನೆ ತೀರಿಸಬೇಕು. ಅವನ ಹೊಲ, ತೋಟ, ಮನೆಯನ್ನು ಮಾತ್ರ ಅದಕ್ಕಾಗಿ ಮಾರಕೂಡದು. ಸೆರೆಯಾದವನ ಹೆಂಡತಿಯ ವಿಚಾರವೂ ಇದೆ. ಮನೆಯಲ್ಲಿ ಕಾಳಿದ್ದರೆ ಆಕೆ ಕಾಯಬೇಕು. ಇದ್ದೂ ಬೇರೆ ಮನೆ ಸೇರಿದರೆ ನೀರಿಗೆ ಹಾಕಬೇಕು. ಕಾಳಿಲ್ಲದಿದ್ದರೆ ಇನ್ನೊಬ್ಬನ ಮನೆ ಸೇರಬಹುದು, ಆಕೆಯ ಮೇಲೆ ದೋಷವಿಲ್ಲ. ಅಲ್ಲಿ ಮಕ್ಕಳಾದ ಮೇಲೆ ಮೊದಲಿನವನು ಮರಳಿದರೆ ಆಕೆ ಅವನಲ್ಲಿಗೆ ಹೋಗಬೇಕು. ಮಕ್ಕಳು ತಂತಮ್ಮ ತಂದೆಯ ಬಳಿ.

ಕೇಳುಗರೇ, ಇದನ್ನು ಮೊದಲು ಓದಿದಾಗ ನನಗೆ ಬಾಬಿಲೋನು ಕಣ್ಣಿಗೆ ಬರಲಿಲ್ಲ. ನನ್ನ ತಾಯಿಯ ಚಿಕ್ಕಪ್ಪ ಮೈಸೂರು ಸಂಸ್ಥಾನದ ಪದಾತಿದಳದಲ್ಲಿದ್ದವರು. ಆ ದಳ ಎರಡನೆಯ ಮಹಾಯುದ್ಧದಲ್ಲಿ ಮಲಯಾಕ್ಕೆ ಹೋಗಿ, ೧೯೪೨ರ ಫೆಬ್ರವರಿಯಲ್ಲಿ ಸಿಂಗಪುರ ಬಿದ್ದಾಗ ಜಪಾನೀಯರ ಸೆರೆಯಾಯಿತು. ಮೂರೂವರೆ ವರ್ಷ ಊರಿಗೆ ಸುದ್ದಿಯಿಲ್ಲ. ಅಣ್ಣತಮ್ಮಂದಿರು ಸತ್ತನೆಂದು ತೀರ್ಮಾನಿಸಿ ಅವರ ಪಾಲಿನ ಹೊಲವನ್ನು ತಮ್ಮಲ್ಲಿ ಹಂಚಿಕೊಂಡರು. ಹೆಂಡತಿಗೆ ಇಪ್ಪತ್ತೆರಡು ವರ್ಷ, ಒಬ್ಬ ಮಗ. ಆಕೆ ಅದೇ ಹೊಲದಲ್ಲಿ ಮೈದುನಂದಿರ ಕೆಳಗೆ ಕೂಲಿಯಾಳಾಗಿ ಕಳೆ ಕಿತ್ತು ಮಗುವನ್ನು ಸಾಕಿದರು. ಯುದ್ಧ ಮುಗಿದ ಮೇಲೆ ಅವರು ಬಂದರು. ಹೊಲ ಬರಲಿಲ್ಲ. ನಾನು ಹುಡುಗನಾಗಿದ್ದಾಗ ಅವರಿನ್ನೂ ಇದ್ದರು. ಸೆರೆಯ ಮಾತು ಎಂದೂ ಆಡಲಿಲ್ಲ. ಊಟವಾದ ಮೇಲೆ ಎಲೆಯ ಸುತ್ತ ಬಿದ್ದ ಅಗುಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಮಕ್ಕಳಾದ ನಾವು ಅದನ್ನು ನೋಡಿ ನಗುತ್ತಿದ್ದೆವು. ಹೊಲದ ಬದುವಿನವರೆಗೆ ದಿನವೂ ಸಂಜೆ ನಡೆದು ಹೋಗಿ ಬರುತ್ತಿದ್ದರು, ಒಳಗೆ ಕಾಲಿಡುತ್ತಿರಲಿಲ್ಲ.

ಹಮ್ಮುರಾಬಿಯ ಕಟ್ಟಳೆ ಬಾಬಿಲೋನಿನಲ್ಲಿಯೂ ಹಾಗೆಯೇ ನಡೆಯಿತೆಂದು ನಾನು ವಾದಿಸುವುದಿಲ್ಲ. ಹೊಲ ಕಸಿಯಬಾರದೆಂದು ಕಲ್ಲಿನ ಮೇಲೆ ಕೆತ್ತಿಸಬೇಕಾಯಿತೆಂದರೆ ಕಸಿಯುವವರು ಇದ್ದರೆಂದೇ ಅರ್ಥ. ಆ ಕಲ್ಲಿಗೂ ಸೆರೆ ತಪ್ಪಲಿಲ್ಲ. ಆರುನೂರು ವರ್ಷಗಳ ಮೇಲೆ ಎಲಾಮಿನ ದೊರೆಯೊಬ್ಬ ಬಾಬಿಲೋನಿಯಾವನ್ನು ಸೂರೆಮಾಡಿ ಅದನ್ನು ತನ್ನ ಸೂಸಾ ಪಟ್ಟಣಕ್ಕೆ ಹೇರಿಸ�ಿಕೊಂಡು ಹೋದ; ೧೯೦೧ರ ಕೊನೆಯಲ್ಲಿ ಅಗೆತದವರಿಗೆ ಅದು ದೊರೆತದ್ದು ಅಲ್ಲಿಯೇ. ಒಯ್ದವನು ತನ್ನ ಹೆಸರು ಕೊರೆಸುವುದಕ್ಕೆಂದು ಕಲ್ಲಿನ ಕೆಳಭಾಗದ ಕೆಲವು ಅಂಕಣಗಳನ್ನು ಉಜ್ಜಿ ನುಣುಪುಮಾಡಿಸಿದ್ದಾನೆ. ಹೆಸರು ಮಾತ್ರ ಕೊರೆಸಲಿಲ್ಲ. ಆ ಜಾಗ ಇಂದಿಗೂ ಬರಿದಾಗಿದೆ. ಅದರ ಮೇಲುಗಡೆಯ ಅಂಕಣಗಳಲ್ಲಿ ಕಾಲಾಳುವಿನ ಹೊಲದ ಕಟ್ಟಳೆಗಳು ಅಕ್ಷರ ಅಳಿಯದೆ ಉಳಿದಿವೆ.